ಕ್ಯಾಂಪಿನಲ್ಲಿ ಬೆಳೆದ ಕಲಾವಿದ: ಗುಬ್ಬಿ ವೀರಣ್ಣನವರ ದುಡಿಮೆಯ ಬದುಕು

ಜುಬೈಲ್‌ನಲ್ಲಿ ಇರೋ ನಮಗೆ ಕ್ಯಾಂಪ್ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಶಬ್ದ ನಮ್ಮ ವೃತ್ತಿ ನಾಟಕದವರ ಬಾಯಲ್ಲೂ ಬಹಳ ಹಿಂದಿನಿಂದ ಇತ್ತು. ನಾಟಕ ಕಂಪನಿ ಒಂದು ಊರಿಗೆ ಬಂದು, ಥಿಯೇಟರ್ ಕಟ್ಟಿ, ಕಲೆಕ್ಷನ್ ಇರುವಷ್ಟು ದಿನ ನಿಂತರೆ ಅದು ಆ ಊರಿನ ಕ್ಯಾಂಪ್. ಕಲಾವಿದರಿಗೆ ಕಂಪನಿಯದೇ ಊಟ, ಕಂಪನಿಯದೇ ವಸತಿ, ತಿಂಗಳಿಗೆ ಇಷ್ಟು ಅಂತ ಸಂಬಳ. ಮನೆ, ಮಕ್ಕಳು ಎಲ್ಲೋ ದೂರದಲ್ಲಿ. ಇಂಥ ಬದುಕಿಗೆ ಆರು ವರ್ಷವೂ ತುಂಬಿರದ ವಯಸ್ಸಿನಲ್ಲಿ ಬಂದು ಸೇರಿದವರು ಗುಬ್ಬಿ ವೀರಣ್ಣ.

ಅವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ. ಅಷ್ಟರಲ್ಲಾಗಲೇ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮುಂತಾದವರು ಸೇರಿ 1884ರಲ್ಲಿ ಕಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಇತ್ತು. ಹುಡುಗ ವೀರಣ್ಣ ಅಲ್ಲಿ ಬಾಲಪಾತ್ರಗಳಿಂದ ಶುರು ಮಾಡಿದರು. ನಾಟಕ ಕಲಿಸೋ ಶಾಲೆ ಅಂತ ಆಗ ಎಲ್ಲಿತ್ತು? ದೊಡ್ಡವರ ಪಾತ್ರವನ್ನು ಸೈಡ್ ವಿಂಗ್‌ನಲ್ಲಿ ನಿಂತು ನೋಡೋದು, ಮಾತು ಬಾಯಿಪಾಠ ಮಾಡೋದು, ಯಾರಾದರೂ ಕೈಕೊಟ್ಟ ದಿನ ಅವರ ಜಾಗದಲ್ಲಿ ನಿಲ್ಲೋದು. ಇಲ್ಲಿ ಹೆಲ್ಪರ್ ಆಗಿ ಬಂದು, ಫೋರ್‌ಮನ್‌ನ ಕೆಲಸ ನೋಡಿ ನೋಡಿ ಫೋರ್‌ಮನ್ ಆದವರಿಗೆ ಈ ದಾರಿ ಗೊತ್ತೇ ಇದೆ.

ಆ ಕಾಲದಲ್ಲಿ ದೊಡ್ಡ ನಟ ಅಂದ್ರೆ ದೊಡ್ಡ ಕಂಠ. ರಾಜಪಾರ್ಟಿನವನು ಹಾಡು ಎತ್ತಿದರೆ ಜನ ಒನ್ಸ್‌ಮೋರ್ ಅಂತ ಕೂಗಬೇಕು. ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯದಲ್ಲಿ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರದ್ದು. ನಾಟಕದ ಹೆಸರು ನಾಯಕಿಯದ್ದು, ಜನ ಕಾಯ್ತಿದ್ದದ್ದು ಕಳ್ಳನಿಗೆ! ‘ವರ್ಸಟೈಲ್ ಕಮೆಡಿಯನ್’ ಅನ್ನುವ ಬಿರುದು ಅವರ ಹೆಸರಿನ ಜೊತೆಗೇ ಅಂಟಿಕೊಂಡಿತು. ಶುಕ್ರವಾರ ಪ್ರಾಕ್ಟೀಸಿಗೆ ಬರುವ ನಮ್ಮ ಹುಡುಗರು ಮೊದಲ ದಿನವೇ ಹೀರೋ ಪಾತ್ರ ಕೇಳ್ತಾರೆ. ತನಗೆ ಒಗ್ಗೋ ಪಾತ್ರ ಯಾವುದು ಅಂತ ಬೇಗ ಗುರುತಿಸಿಕೊಂಡವನಿಗೆ ಕೆಲಸ ತಪ್ಪೋದಿಲ್ಲ ಅನ್ನೋದನ್ನು ಅವರು ಈ ಕಳ್ಳನಿಂದ ಕಲೀಬಹುದು.

1917ರಲ್ಲಿ ವೀರಣ್ಣನವರು ಕಂಪನಿಯ ಮಾಲೀಕರಾದರು. ಲೆಕ್ಕಪತ್ರ ಬರೆಯೋ ನನ್ನಂಥವನಿಗೆ ಅವರ ಕಥೆ ನಿಜವಾಗಿ ರುಚಿ ಹತ್ತೋದು ಇಲ್ಲಿಂದ. ನಾಟಕ ಕಂಪನಿಯ ಆದಾಯ ದಿನದ ಟಿಕೆಟ್ಟಿನದ್ದು, ಖರ್ಚು ಮಾತ್ರ ತಿಂಗಳಿನದ್ದು. ಮಳೆ ಬಂತು, ಊರಲ್ಲಿ ಕಾಯಿಲೆ ಬಂತು ಅಂದ್ರೆ ಗಲ್ಲಾಪೆಟ್ಟಿಗೆ ಖಾಲಿ. ಒಲೆ ಮಾತ್ರ ಉರಿಯಲೇಬೇಕು, ಸಂಬಳ ಕೊಡಲೇಬೇಕು. ಈ ಗಣಿತದಲ್ಲಿ ಎಷ್ಟೋ ಕಂಪನಿಗಳು ಮುಳುಗಿದವು. ಗುಬ್ಬಿ ಕಂಪನಿ ಕರ್ನಾಟಕದಲ್ಲಷ್ಟೇ ಉಳಿಯದೆ ಆಂಧ್ರ, ತಮಿಳು ಸೀಮೆಗೂ ಹೋಗಿ ಅಲ್ಲಿಯವರ ಭಾಷೆಯಲ್ಲೇ ನಾಟಕ ಆಡಿತು. ಹೀಗಾಗಿ ಅಲ್ಲಿನ ಕಲಾವಿದರಿಗೆ ಎರಡು ಮೂರು ಭಾಷೆ ಕಲಿಯೋದು ಹೊಟ್ಟೆಪಾಡಿನ ಭಾಗವೇ ಆಗಿತ್ತು. ಹೆಣ್ಣಿನ ಪಾತ್ರಕ್ಕೆ ಹೆಂಗಸರೇ ಬಂದರು. ಅವರ ಪತ್ನಿ ಬಿ. ಜಯಮ್ಮ ನಾಟಕದಲ್ಲೂ ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದರು. 1930ರ ದಶಕದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅವುಗಳ ಮೇವಿನ ಖರ್ಚು ಬರೆದ ಗುಮಾಸ್ತರ ಪಾಡು ನೆನೆದು ನನಗೆ ನಗು ಬರುತ್ತೆ.

ಎಲ್ಲವೂ ಕೈ ಹಿಡಿಯಲಿಲ್ಲ. ಮೂಕಿ ಸಿನಿಮಾಕ್ಕೆ ಕೈ ಹಾಕಿ ‘ಹರಿಮಾಯಾ’ದಂಥ ಚಿತ್ರ ತೆಗೆದರು. ಅಷ್ಟರಲ್ಲಿ ಮಾತಾಡುವ ಸಿನಿಮಾ ಬಂದು ಮೂಕಿಯ ಕಾಲವೇ ಮುಗಿದುಹೋಯ್ತು. ಅವರು ಸಿನಿಮಾವನ್ನು ಬೈದು ಕೂರಲಿಲ್ಲ. ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ಅಂತ ಮತ್ತೆ ಮತ್ತೆ ಅಲ್ಲಿಗೇ ಹೋದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾದಾಗ ಆ ಚಿತ್ರದ ಹಿಂದೆಯೂ ಗುಬ್ಬಿಯವರಿದ್ದರು. ರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ರಾಜ್ ಕೂಡ ಅಪ್ಪನ ಜೊತೆ ಅಲ್ಲೇ ಪಳಗಿದವರು. ಜಿ.ವಿ. ಅಯ್ಯರ್ ಹುಡುಗರಾಗಿ ಬಂದು ಸೇರಿದ್ದೂ ಅಲ್ಲಿಗೇ.

ನಮ್ಮ ಕರಾವಳಿಯವರಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಬಂಟ್ವಾಳ ಕಡೆಯ ಬಾಬುಕೋಡಿಯ ಹುಡುಗನೊಬ್ಬ ನಾಟಕದ ಹುಚ್ಚಿನಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಹಾಡ್ತಿದ್ದ, ಸಿಕ್ಕ ಪಾತ್ರ ಮಾಡ್ತಿದ್ದ. ಒಳ್ಳೆ ಹುಡುಗ ಸಿಕ್ಕಿದ, ಕಡಿಮೆ ಸಂಬಳಕ್ಕೆ ಹತ್ತು ವರ್ಷ ದುಡಿಸೋಣ ಅನ್ನೋದು ಸಾಮಾನ್ಯ ಮಾಲೀಕನ ಲೆಕ್ಕ. ವೀರಣ್ಣನವರು ಆ ಹುಡುಗನನ್ನು ಎಂ.ಎ. ಓದೋಕೆ ಬನಾರಸ್‌ಗೆ ಕಳಿಸಿದರು. ಅವರೇ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ನಟರಿಗೆ ತಿಂಗಳ ಸಂಬಳ, ದಿನಾ ಅಭ್ಯಾಸ. ಗುಬ್ಬಿ ಕಂಪನಿಯ ಪದ್ಧತಿ ಸರ್ಕಾರದ ಸಂಸ್ಥೆಯೊಳಗೆ ಬಂದು ಕೂತ ಹಾಗೆ ನನಗೆ ಕಾಣುತ್ತೆ. ಬನಾರಸ್‌ಗೆ ಕಳಿಸಿದ ಆ ಹಣವನ್ನು ಯಾವ ಖಾತೆಗೆ ಬರೀಬೇಕು, ಖರ್ಚಿಗೋ ಬಂಡವಾಳಕ್ಕೋ? ಇಪ್ಪತ್ತು ವರ್ಷ ಲೆಕ್ಕ ಬರೆದರೂ ನನಗೆ ತಿಳಿದಿಲ್ಲ.

ಇಲ್ಲಿ ನನಗೆ ಗೊತ್ತಿರುವ ಒಬ್ಬರು ಊರಲ್ಲಿ ಆರು ತಿಂಗಳು ನಾಟಕ, ಆರು ತಿಂಗಳು ಸಾಲ ಅಂತ ಬದುಕಿ, ಕೊನೆಗೆ ವೀಸಾ ಹಿಡಿದು ಬಂದವರು. ಈಗ ರಿಗ್ಗರ್. ಶಟ್‌ಡೌನ್ ಡ್ಯೂಟಿ ಮುಗಿಸಿ ಬಂದು ರಾತ್ರಿ ರೂಮಿನಲ್ಲಿ ಡೈಲಾಗ್ ಹೇಳ್ತಾರೆ. ಅವರಿಗೆ ಪ್ರತಿಭೆ ಕಡಿಮೆ ಇರಲಿಲ್ಲ. ಮಳೆಗಾಲದಲ್ಲೂ ಸಂಬಳ ಕೊಡುವ ಮಾಲೀಕ ಸಿಗಲಿಲ್ಲ, ಅಷ್ಟೇ.

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1972ರಲ್ಲಿ ಪದ್ಮಶ್ರೀ. ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ಇವತ್ತಿಗೂ ರಂಗಭೂಮಿಯಲ್ಲಿ ದೊಡ್ಡ ಹೆಸರು. ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ವೆಕೇಶನ್‌ಗೆ ಊರಿಗೆ ಹೋದಾಗ ಲೈಬ್ರರಿಯಲ್ಲೋ ಪುಸ್ತಕದ ಅಂಗಡಿಯಲ್ಲೋ ಸಿಕ್ಕರೆ ಬ್ಯಾಗಿನಲ್ಲಿ ಹಾಕ್ಕೊಂಡು ಬನ್ನಿ. ಓದಿ ಮುಗಿದ ಮೇಲೆ ನಮ್ಮ ರೂಮಿಗೂ ಒಮ್ಮೆ ಕೊಡಿ.