ತವರಿಗೆ ಹೊರಟ ಮೊದಲ ಕಾರು

ಕಾರನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮ ಮೆಕ್ಯಾನಿಕಲ್ ಬ್ರಾಂಚಿನಲ್ಲಿ ನಿದ್ದೆಗಣ್ಣಲ್ಲೂ ಉತ್ತರ ಬರುತ್ತದೆ: ಜರ್ಮನಿಯ ಕಾರ್ಲ್ ಬೆಂಜ್. ಪೇಟೆಂಟ್ ಸಂಖ್ಯೆ 37435, ದಿನಾಂಕ 1886ರ ಜನವರಿ 29. ಮೂರು ಚಕ್ರ, ಒಂದೇ ಸಿಲಿಂಡರ್, ಒಂದು ಕುದುರೆಯಷ್ಟೂ ಶಕ್ತಿಯಿಲ್ಲದ ಎಂಜಿನ್. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಪೇಟೆಂಟ್ ಸಿಕ್ಕ ಮೇಲೂ ಎರಡು ವರ್ಷ ಆ ಗಾಡಿಯನ್ನು ನಂಬಿದವರು ಕಡಿಮೆ. ಅದು ಊರಿಂದೂರಿಗೆ ಹೋಗಿ ಬರುತ್ತದೆ ಎಂದು ತೋರಿಸಿಕೊಟ್ಟವಳು ಕಾರ್ಲ್‌ನ ಹೆಂಡತಿ ಬರ್ತಾ. ಆ ಒಂದು ಅಂಕದಲ್ಲಿ ಅವಳಿಗೂ ಪಾಲಿದೆ ಎನ್ನುವುದು ನನ್ನ ವಾದ.

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ದಕ್ಷಿಣ ಜರ್ಮನಿಯ ಫೋರ್ಜ್‌ಹೈಮ್ ಎಂಬ ಊರಿನಲ್ಲಿ. ಅಪ್ಪ ಬಡಗಿ, ಮನೆ ಕಟ್ಟಿಸುವ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದವರು. ಮಗಳು ಹುಟ್ಟಿದಾಗ ಅವರು ಮನೆಯ ಬೈಬಲ್‌ನಲ್ಲಿ, ಮತ್ತೆ ಹೆಣ್ಣೇ ಆಯಿತಲ್ಲ ಎಂಬ ಬೇಸರವನ್ನು ಬರೆದಿಟ್ಟಿದ್ದರಂತೆ. ನಮ್ಮ ಕಡೆಯಷ್ಟೇ ಅಲ್ಲ, ಅಲ್ಲೂ ಅದೇ ಕಥೆ.

1871ರಲ್ಲಿ ಕಾರ್ಲ್ ಮಾನ್‌ಹೈಮ್ ಪಟ್ಟಣದಲ್ಲಿ ಪಾಲುದಾರನೊಬ್ಬನ ಜೊತೆ ವರ್ಕ್‌ಶಾಪ್ ತೆರೆದಿದ್ದ. ಪಾಲುದಾರಿಕೆ ಸರಿಹೋಗಲಿಲ್ಲ. ಆಗ ಬರ್ತಾ ಮದುವೆಗೆ ಮೊದಲೇ ತನ್ನ ವರದಕ್ಷಿಣೆ ಹಣವನ್ನು ಅಪ್ಪನಿಂದ ಪಡೆದು, ಪಾಲುದಾರನ ಪಾಲು ಬಿಡಿಸಿಕೊಳ್ಳಲು ಕೊಟ್ಟಳು. ವರದಕ್ಷಿಣೆ ಎಂಬ ಪದ ಕೇಳಿದರೇ ನನಗೆ ಸಿಟ್ಟು. ಆದರೆ ಇಲ್ಲಿ ಆ ಹಣವನ್ನು ಎಲ್ಲಿ ಹೂಡಬೇಕು ಎಂದು ನಿರ್ಧರಿಸಿದ್ದು ಹುಡುಗಿಯೇ. ಮದುವೆ ನಡೆದದ್ದು ಮರುವರ್ಷ, 1872ರಲ್ಲಿ.

ಮುಂದಿನ ವರ್ಷಗಳದ್ದು ಸಾಲ, ಮಕ್ಕಳು, ಓಡದ ಎಂಜಿನ್. ಕಾರ್ಲ್‌ನ ಎರಡು ಸ್ಟ್ರೋಕ್‌ನ ಎಂಜಿನ್ ಕೊನೆಗೂ ನಿಲ್ಲದೆ ಓಡಿದ್ದು 1879ರ ಡಿಸೆಂಬರ್ 31ರ ರಾತ್ರಿ. ಊಟವಾದ ಮೇಲೆ ಇನ್ನೊಂದು ಸಲ ನೋಡೋಣ ನಡೆ ಎಂದು ಅವನನ್ನು ವರ್ಕ್‌ಶಾಪಿಗೆ ಎಬ್ಬಿಸಿಕೊಂಡು ಹೋದವಳು ಬರ್ತಾ.

ಈಗ 1888ರ ಆಗಸ್ಟ್‌ಗೆ ಬರೋಣ. ಆ ತಿಂಗಳ 1ರಂದು ಬಾಡೆನ್ ಸರ್ಕಾರ ಮಾನ್‌ಹೈಮ್ ಸುತ್ತಮುತ್ತ ಗಾಡಿ ಓಡಿಸಲು ಕಾರ್ಲ್‌ಗೆ ಅನುಮತಿ ಪತ್ರ ಕೊಟ್ಟಿತ್ತು. ಇದನ್ನೇ ಲೋಕದ ಮೊದಲ ಡ್ರೈವಿಂಗ್ ಲೈಸೆನ್ಸ್ ಎನ್ನುತ್ತಾರೆ. ಅದರಲ್ಲಿ ಬರ್ತಾಳ ಹೆಸರಿಲ್ಲ. ಆದರೂ ಅದೇ ತಿಂಗಳು ಶಾಲೆಗೆ ರಜೆ ಇದ್ದಾಗ, ಒಂದು ದಿನ ಬೆಳಗಿನ ಜಾವ ಗಂಡ ಏಳುವ ಮೊದಲೇ ಅವಳು ಮಕ್ಕಳಾದ ಯೂಗೆನ್ ಮತ್ತು ರಿಚರ್ಡ್ ಜೊತೆ ಗಾಡಿ ಹೊರಗೆಳೆದಳು. ಯೂಗೆನ್‌ಗೆ ಹದಿನೈದು ವರ್ಷ, ರಿಚರ್ಡ್ ಅವನಿಗಿಂತ ಚಿಕ್ಕವನು. ಹೊರಟದ್ದು ತವರಿಗೆ, ಸುಮಾರು 106 ಕಿ.ಮೀ. ದೂರದ ಫೋರ್ಜ್‌ಹೈಮ್‌ಗೆ. ಅದಕ್ಕೂ ಮೊದಲು ಗಾಡಿಯನ್ನು ಓಡಿಸುತ್ತಿದ್ದದ್ದು ಊರೊಳಗೆ, ಹತ್ತಿರದಲ್ಲಿ, ಕೆಟ್ಟರೆ ತಳ್ಳಿಕೊಂಡು ಮನೆಗೆ ಬರುವಷ್ಟು ದೂರ ಮಾತ್ರ.

ನಮ್ಮ ಲ್ಯಾಬಿನಲ್ಲಿ ಎಂಜಿನ್ ಟೆಸ್ಟ್ ಮಾಡುವಾಗ ಅದನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಡ್ರಮ್ಮಿಗೆ ಹಗ್ಗ ಸುತ್ತಿ ಲೋಡ್ ಕೊಡುತ್ತೇವೆ, ನಲ್ಲಿ ತಿರುಗಿಸಿದರೆ ತಂಪು ಮಾಡುವ ನೀರು ತಾನೇ ಬರುತ್ತದೆ. ರೀಡಿಂಗ್ ಬರೆದುಕೊಂಡರೆ ಮುಗಿಯಿತು. ಬರ್ತಾ ಹೊರಟ ದಾರಿಯಲ್ಲಿ ಇದ್ಯಾವುದೂ ಇರಲಿಲ್ಲ. ಆ ಗಾಡಿಗೆ ಇಂದಿನಂತಹ ರೇಡಿಯೇಟರ್ ಇಲ್ಲ. ಎಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗುತ್ತಲೇ ತಂಪು ಮಾಡಬೇಕು. ಹಾಗಾಗಿ ದಾರಿಯುದ್ದಕ್ಕೂ ನೀರು ಸಿಕ್ಕಲ್ಲಿ ನಿಲ್ಲಿಸಿ ತುಂಬಿಸುವುದೇ ಕೆಲಸ.

ಇಂಧನದ ಕಥೆ ಇನ್ನೂ ಚೆನ್ನ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಗಾಡಿಗೆ ಬೇಕಾದ್ದು ಲಿಗ್ರಾಯಿನ್ ಎಂಬ, ಪೆಟ್ರೋಲಿನ ಜಾತಿಯ ತೆಳು ದ್ರವ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಅದು ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ. ವೀಸ್ಲೋಖ್ ಊರಿನ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬರ್ತಾ ಲಿಗ್ರಾಯಿನ್ ಕೊಂಡಳು. ಆ ಅಂಗಡಿ ಇಂದು ಲೋಕದ ಮೊದಲ ಪೆಟ್ರೋಲ್ ಬಂಕ್ ಎಂದು ಹೆಸರಾಗಿದೆ. ಅಂಗಡಿಯವರಿಗೆ ಅಂದು ಅದು ಗೊತ್ತಾಗಿರಲಾರದು!

ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ ತೆಗೆದು ಚುಚ್ಚಿ ಬಿಡಿಸಿದಳು. ಇಗ್ನಿಷನ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನೇ ಸುತ್ತಿ ಇನ್ಸುಲೇಷನ್ ಮಾಡಿದಳು. ಚೈನು ಕೈಕೊಟ್ಟಾಗ ಬ್ರುಖ್ಸಾಲ್‌ನಲ್ಲಿ ಕಮ್ಮಾರನೊಬ್ಬ ಸರಿಮಾಡಿಕೊಟ್ಟ. ಏರುಗಳಲ್ಲಿ ಎಂಜಿನ್ ಸೋತಾಗ ಹುಡುಗರು ಇಳಿದು ತಳ್ಳಿದರು. ಇಳಿಜಾರಿನದು ಬೇರೆಯೇ ಕಷ್ಟ: ಬ್ರೇಕಿನ ಮರದ ತುಂಡುಗಳು ಸವೆದುಹೋಗುತ್ತಿದ್ದವು. ಬರ್ತಾ ಒಬ್ಬ ಚಮ್ಮಾರನ ಬಳಿ ಹೋಗಿ ಅವಕ್ಕೆ ಚರ್ಮ ಹೊಡೆಸಿದಳು. ನಾವು ಇಂದು ಬ್ರೇಕ್ ಲೈನಿಂಗ್ ಎನ್ನುವುದರ ಮೊದಲ ರೂಪ ಅದು. ಫ್ರಿಕ್ಷನ್ ಬಗ್ಗೆ ಪುಟಗಟ್ಟಲೆ ಓದುವ ನನಗೆ ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಈ ಚರ್ಮದ ತುಂಡು. ನಳಿಕೆ ಬಿಡಿಸಿದ್ದು, ತಂತಿ ಸುತ್ತಿದ್ದು ರಿಪೇರಿ. ಇದು ಹಾಗಲ್ಲ, ಡಿಸೈನನ್ನೇ ಬದಲಿಸಿದ್ದು.

ಕತ್ತಲಾಗುವ ಹೊತ್ತಿಗೆ ಫೋರ್ಜ್‌ಹೈಮ್ ಸೇರಿ ಗಂಡನಿಗೆ ಟೆಲಿಗ್ರಾಂ ಕಳಿಸಿದಳು. ಕೆಲವು ದಿನ ತವರಿನಲ್ಲಿದ್ದು ಅದೇ ಗಾಡಿಯಲ್ಲಿ, ಬೇರೆ ದಾರಿ ಹಿಡಿದು ಮಾನ್‌ಹೈಮ್‌ಗೆ ಮರಳಿದಳು.

ಇದನ್ನು ಹಟಮಾರಿ ಹೆಂಗಸಿನ ಸಾಹಸ ಎಂದಷ್ಟೇ ಹೇಳುವವರಿದ್ದಾರೆ. ನಮ್ಮ ಕ್ಲಾಸಿನಲ್ಲಿ ಹುಡುಗಿಯರು ನಾವು ಆರೇ ಜನ; ಸ್ಪ್ಯಾನರ್ ಹಿಡಿದಾಗಲೆಲ್ಲ ಸಾಹಸ ಎನ್ನಿಸಿಕೊಳ್ಳುವುದು ನಮಗೆ ಹೊಸದಲ್ಲ. ಬರ್ತಾ ಮಾಡಿದ್ದಕ್ಕೆ ಸರಿಯಾದ ಹೆಸರು ರೋಡ್ ಟೆಸ್ಟ್. ಏರು ಹತ್ತಲು ಇನ್ನೊಂದು ಗೇರ್ ಬೇಕು ಎಂಬುದು ಆ ಪ್ರಯಾಣದ ಫಲ. ಕಾರ್ಲ್ ಅದನ್ನು ಸೇರಿಸಿದ. ಮರುತಿಂಗಳು ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. 1899ರ ಹೊತ್ತಿಗೆ ಬೆಂಜ್ ಕಂಪನಿ ವರ್ಷಕ್ಕೆ 572 ಗಾಡಿ ತಯಾರಿಸಿ ಲೋಕದಲ್ಲೇ ದೊಡ್ಡ ಕಾರು ಕಂಪನಿ ಎನಿಸಿತ್ತು.

1903ರಲ್ಲಿ ಒಳಜಗಳದಿಂದ ಕಾರ್ಲ್ ಆ ಕಂಪನಿಯ ದಿನನಿತ್ಯದ ಕೆಲಸದಿಂದ ಹೊರಬಂದ. ಸಂಸಾರ ಲಾಡೆನ್‌ಬುರ್ಗ್ ಎಂಬ ಪುಟ್ಟ ಊರಿಗೆ ಬಂತು. ಅಲ್ಲಿ ಮಕ್ಕಳ ಜೊತೆ ಇನ್ನೊಂದು ಸಣ್ಣ ಕಾರು ಕಾರ್ಖಾನೆ. ಕಾರ್ಲ್ 1929ರಲ್ಲಿ ತೀರಿಕೊಂಡ. ಬರ್ತಾ ಅವನ ನಂತರ ಹದಿನೈದು ವರ್ಷ ಬದುಕಿದ್ದಳು.

ಕಾರ್ಲ್ ಎಂಜಿನಿಯರಿಂಗ್ ಓದಿದ್ದು ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ. ಬರ್ತಾಳ ಹರೆಯದಲ್ಲಿ ಅಲ್ಲಿ ಹುಡುಗಿಯರಿಗೆ ಪ್ರವೇಶ ಇರಲಿಲ್ಲ. ಆ ಭಾಗದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1900ರಲ್ಲಿ, ಅವಳಿಗೆ ಐವತ್ತು ತುಂಬಿದ ಮೇಲೆ. ಅದೇ ಕಾರ್ಲ್ಸ್‌ರೂಹೆ ಸಂಸ್ಥೆ 1944ರ ಮೇ 3ರಂದು, ಅವಳ 95ನೇ ಹುಟ್ಟುಹಬ್ಬದ ದಿನ, ಬರ್ತಾಳನ್ನು ಗೌರವ ಸೆನೆಟರ್ ಎಂದು ಗೌರವಿಸಿತು. ಎರಡು ದಿನ ಕಳೆದು, ಮೇ 5ರಂದು, ಲಾಡೆನ್‌ಬುರ್ಗ್‌ನ ಮನೆಯಲ್ಲಿ ಅವಳು ಕಣ್ಣುಮುಚ್ಚಿದಳು.