ಆಚಾರ್ಯ ಶ್ರೀಯವರು ಮತ್ತು ವಾಗ್ಮಿಯ ಶಿಕ್ಷಣ

ವಾಗ್ಮಿಯನ್ನು ತೊಟ್ಟಿಲಿನಿಂದಲೇ ರೂಪಿಸಬೇಕೆಂದು ಪ್ರಾಚೀನ ರೋಮಿನ ಉಪಾಧ್ಯಾಯ ಕ್ವಿಂಟಿಲಿಯನ್ನನು ಬಗೆದಿದ್ದನು. ಸ್ಪೇನಿನಲ್ಲಿ ಜನಿಸಿದ ಆತನು ಕ್ರಿ. ಶ. ಮೊದಲನೆಯ ಶತಮಾನದ ಕೊನೆಯಲ್ಲಿ ಈ ಕುರಿತು 12 ಭಾಗಗಳ ಗ್ರಂಥವನ್ನೇ ರಚಿಸಿದನು. ದಾದಿಯ ನುಡಿ ಶುದ್ಧವಾಗಿರಬೇಕು, ಗುರುವು ಬೆತ್ತ ಹಿಡಿಯಬಾರದು, ಸಜ್ಜನನಲ್ಲದವನು ವಾಗ್ಮಿಯಾಗಲಾರನು ಎಂಬುದು ಆತನ ಮತ. (ಬೆತ್ತದ ವಿಷಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನನ್ನನ್ನು ಮನ್ನಿಸಬೇಕು.) ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಶ್ರೀಯವರ ಮನೆತನದ ಊರು ಬೆಳ್ಳೂರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಬೋಧಿಸಿದ್ದು ಇಂಗ್ಲಿಷನ್ನು. ವಿದ್ಯಾವಂತರು ಸಭೆಯಲ್ಲಿ ಕನ್ನಡವಾಡಲು ನಾಚುತ್ತಿದ್ದ ಕಾಲವದು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಆ ಇಂಗ್ಲಿಷ್ ಉಪಾಧ್ಯಾಯರೇ ಕನ್ನಡದಲ್ಲಿ ಉಪನ್ಯಾಸವಿತ್ತರು. ಮುಂದೆ ಊರೂರು ಸುತ್ತಿ ಮಾತನಾಡಿದರು. ಕ್ವಿಂಟಿಲಿಯನ್ನನಂತೆ ಇವರೂ ಪತ್ನಿಯನ್ನು ಕಳೆದುಕೊಂಡವರು. ಆ ದುಃಖವು ಪಾಠವನ್ನು ನಿಲ್ಲಿಸಲಿಲ್ಲ.

ರೋಮನರು ಗ್ರೀಕರಿಂದ ಕಲಿತು ಲ್ಯಾಟಿನನ್ನು ಬೆಳೆಸಿದರು. ಶ್ರೀಯವರೂ ಸಾಫೊಕ್ಲಿಸನ ನಾಟಕವನ್ನು ‘ಅಶ್ವತ್ಥಾಮನ್’ ಎಂದು ಕನ್ನಡಿಸಿದರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಹೊರಬಂದಿತು. 1928ರಲ್ಲಿ ಗುಲ್ಬರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕುವೆಂಪುರವರು ಅವರ ಶಿಷ್ಯರೆಂಬುದು ಎಲ್ಲರಿಗೂ ತಿಳಿದದ್ದೇ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹಿರಿದಾದುದು, 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ಮಾಡಿದ ಕಾರ್ಯ. ಗಮಕ ತರಗತಿಗಳೂ ‘ಕಾವ’, ‘ಜಾಣ’ ಪರೀಕ್ಷೆಗಳೂ ಅವರ ಕಾಲದಲ್ಲಿಯೇ ಆರಂಭವಾದುವು. ಓದುವಾಗ ಎಲ್ಲಿ ಉಸಿರು ತಡೆಯಬೇಕು, ಎಲ್ಲಿ ದನಿಯೇರಿಸಬೇಕು ಎಂಬುದನ್ನು ರೋಮಿನ ಬಾಲಕನು ಗುರುವಿನಿಂದ ಕಲಿಯುತ್ತಿದ್ದನು. ನಮ್ಮ ಗಮಕವು ಕಲಿಸುವುದೂ ಅದನ್ನೇ.

1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ನಮ್ಮ ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ದಿಂಬಂ ಘಟ್ಟವಿಳಿದರೆ ಕಚೇರಿಯ ನುಡಿ ತಮಿಳು. ಅದನ್ನೂ ಕಲಿತೆವು, ಅದರಲ್ಲಿ ಬೇಸರವಿಲ್ಲ. ಆದರೆ ಮನೆಯಲ್ಲಿ ಚಟಪಟನೆ ಕನ್ನಡವಾಡುವ ಮಗು ಸಭೆಯ ಮುಂದೆ ನಿಂತೊಡನೆ ಮೂಕವಾಗುವುದನ್ನು ಕಂಡಾಗ ಹೊಟ್ಟೆಯುರಿಯುತ್ತಿತ್ತು. ‘ಕಾವ’ ಪರೀಕ್ಷೆಗಾಗಿ ನಾನು ಓದಿದುದು ಆ ಸಂಕಟದಿಂದಲೇ. ಮರುವರ್ಷದಿಂದ ಪ್ರಾರ್ಥನೆ ಮುಗಿದೊಡನೆ ದಿನಕ್ಕೊಂದು ಮಗುವನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಓದಿಸತೊಡಗಿದೆನು. ಅಂದು ಕಾಲು ನಡುಗಿದವರಲ್ಲಿ ಕೆಲವರು ಈ ಸಂಚಿಕೆಯನ್ನು ಓದುತ್ತಿರಬಹುದು.

ಶ್ರೀಯವರು ಕೊನೆಗಾಲದಲ್ಲಿ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದರು. 1946ರ ಜನವರಿ 5ರಂದು, 1911ರ ಆ ಉಪನ್ಯಾಸದ ಊರಿನಲ್ಲಿಯೇ, ತೀರಿಕೊಂಡರು.