ಏರೋಪ್ಲೇನ್ ಚಿಟ್ಟೆಯ ಬಾಲದ ಸೂಜಿ ಕುಟುಕುತ್ತದೆಯೇ? ಹುಳಗಳ ಹಿಂದೆ ಬಿದ್ದ ಸೆನೆಟ್ ಅಧ್ಯಕ್ಷರ ಕಥೆ

ಏರೋಪ್ಲೇನ್ ಚಿಟ್ಟೆಯ ಬಾಲದಲ್ಲಿ ವಿಷದ ಸೂಜಿ ಇದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ನಿಜವಲ್ಲ. ಈ ಡ್ರ್ಯಾಗನ್‌ಫ್ಲೈಗಳಿಗೆ ಕುಟುಕುವ ಕೊಂಡಿ ಇಲ್ಲ. ದೊಡ್ಡದೊಂದನ್ನು ಕೈಯಲ್ಲಿ ಹಿಡಿದರೆ ಚಿವುಟಿದಂತೆ ಕಚ್ಚಬಹುದು, ಅಷ್ಟೇ. ಆದರೆ ಯುರೋಪಿನ ತೊರೆಗಳಲ್ಲಿರುವ ಕಾರ್ಡುಲೆಗ್ಯಾಸ್ಟರ್ ಎಂಬ ಗುಂಪಿನ ಹೆಣ್ಣಿಗೆ ನೋಡಿದರೆ ಭಯವಾಗುವಂಥ ಸೂಜಿ ಇದೆ. ಈ ಗುಂಪಿನ ಒಂದು ಜಾತಿಗೆ ಹೆಸರು ಕೊಟ್ಟವರು ಒಬ್ಬ ರಾಜಕಾರಣಿ!

ಎಡ್ಮಂಡ್ ಡಿ ಸೆಲಿಸ್ ಲಾಂಗ್‌ಷಾಂ ಹುಟ್ಟಿದ್ದು 1813ರಲ್ಲಿ, ಪ್ಯಾರಿಸ್‌ನಲ್ಲಿ. ಮನೆತನ ಬೆಲ್ಜಿಯಂನ ಲೀಜ್ ಕಡೆಯದು. ಶ್ರೀಮಂತರು, ಪಾಠವೆಲ್ಲ ಮನೆಯಲ್ಲೇ. 1840ರಲ್ಲಿ ಯುರೋಪಿನ ಡ್ರ್ಯಾಗನ್‌ಫ್ಲೈಗಳ ಬಗ್ಗೆ ಗ್ರಂಥ ಬರೆದರು. 1843ರಲ್ಲಿ ಕಾರ್ಡುಲೆಗ್ಯಾಸ್ಟರ್ ಬೈಡೆಂಟಾಟಾ ಎಂಬ ಜಾತಿಯನ್ನು ಹೆಸರಿಸಿದರು.

ಇದರ ಹತ್ತಿರದ ನೆಂಟ ಬೋಲ್ಟೋನಿಗೆ 1807ರಲ್ಲೇ ಹೆಸರಿತ್ತು. ಎರಡೂ ಕಪ್ಪು-ಹಳದಿ ಪಟ್ಟೆಯವು, ಉದ್ದ ಸುಮಾರು 7–8 ಸೆಂ.ಮೀ. ಹಾರುವಾಗ ನೋಡಿದರೆ ಗೊಂದಲ ಖಚಿತ. ಕಣ್ಣುಗಳ ಹಿಂದಿನ ಪುಟ್ಟ ತ್ರಿಕೋನ ಬೋಲ್ಟೋನಿಯಲ್ಲಿ ಹಳದಿ, ಬೈಡೆಂಟಾಟಾದಲ್ಲಿ ಕಪ್ಪು. ಬೈಡೆಂಟಾಟಾ ಎಂದರೆ ಎರಡು ಹಲ್ಲಿನದು. ಆ ಹಲ್ಲು ಬಾಯಲ್ಲಿಲ್ಲ, ಗಂಡಿನ ಬಾಲದ ತುದಿಯ ಹಿಡಿಕೆಯಲ್ಲಿದೆ. ಪಕ್ಕದಿಂದ ನೋಡಿದರೆ ಬೋಲ್ಟೋನಿಯಲ್ಲಿ ಕಾಣುವುದು ಒಂದೇ.

ಹೆಣ್ಣಿನ ಸೂಜಿಯ ಕೆಲಸವೇನು? ನೀರಿನ ಮೇಲೆ ನೆಟ್ಟಗೆ ನಿಂತಂತೆ ಹಾರುತ್ತಾ, ಹೊಲಿಗೆ ಯಂತ್ರದ ಹಾಗೆ ಮೇಲೆ ಕೆಳಗೆ ಕುಕ್ಕಿ, ತೊರೆಯ ತಳದ ಕೆಸರಿನಲ್ಲಿ ಮೊಟ್ಟೆ ಇಡುವುದು. ಮರಿಗಳು ಅಲ್ಲೇ ಹೂತುಕೊಂಡು ಹಲವು ವರ್ಷ ಕಳೆಯುತ್ತವೆ.

ಎರಡನ್ನೂ ಒಂದೇ ಎಂದುಕೊಂಡಿದ್ದರೆ ಏನಾಗುತ್ತಿತ್ತು? ಬೋಲ್ಟೋನಿ ಅಗಲವಾದ ಹಳ್ಳಗಳಲ್ಲೂ ಬದುಕುತ್ತದೆ. ಬೈಡೆಂಟಾಟಾಕ್ಕೆ ಮಾತ್ರ ಕಾಡಿನ ಒರತೆ, ಜಿನುಗು ನೀರು, ಸಣ್ಣ ತೊರೆಗಳೇ ಬೇಕು. ಒರತೆ ಬತ್ತಿದರೆ ಅದರ ಕಥೆ ಮುಗಿಯಿತು. 2010ರ ಯುರೋಪಿನ ಕೆಂಪು ಪಟ್ಟಿ ಅದನ್ನು ಅಪಾಯದ ಅಂಚಿನ ಜಾತಿಗಳ ಸಾಲಿಗೆ ಸೇರಿಸಿತು. ಬೋಲ್ಟೋನಿಗೆ ಆ ಚಿಂತೆ ಇರಲಿಲ್ಲ. ಲೆಕ್ಕ ಬೇರೆ ಬೇರೆ ಇದ್ದದ್ದರಿಂದಲೇ ಇದು ಗೊತ್ತಾಯಿತು.

ಸೆಲಿಸ್ 1855ರಲ್ಲಿ ಬೆಲ್ಜಿಯಂ ಸೆನೆಟ್‌ಗೆ ಆಯ್ಕೆಯಾದರು, 1880ರಿಂದ 1884ರವರೆಗೆ ಅದರ ಅಧ್ಯಕ್ಷರಾಗಿದ್ದರು. ಇಂಥ ಹುದ್ದೆಯ ನಡುವೆಯೂ ಹುಳಗಳನ್ನು ಬಿಡಲಿಲ್ಲ ಎನ್ನುವುದು ನಮಗಂತೂ ಅಚ್ಚರಿಯೇ. ನಮ್ಮ ಪಶ್ಚಿಮ ಘಟ್ಟದ ನೆರಳಿನ ತೊರೆಗಳ ಬಳಿ ಹಸಿರಾಗಿ ಮಿನುಗುವ, ರೆಕ್ಕೆಯ ತುದಿ ಕಪ್ಪಾಗಿರುವ ವೆಸ್ಟಾಲಿಸ್ ಅಪಿಕಾಲಿಸ್‌ಗೂ 1873ರಲ್ಲಿ ಹೆಸರಿಟ್ಟವರು ಅವರೇ. 1900ರಲ್ಲಿ ಲೀಜ್‌ನಲ್ಲಿ ತೀರಿಕೊಂಡರು. ಅವರ ಸಂಗ್ರಹ ಈಗ ಬ್ರಸೆಲ್ಸ್‌ನ ನಿಸರ್ಗ ವಿಜ್ಞಾನ ಸಂಸ್ಥೆಯಲ್ಲಿದೆ.